ಪಕ್ಕದ ಕಾರ್ಖಾನೆಯ ಸಂಬಳದ ಚೀಟಿ

ಯಲಹಂಕ ಬಿಟ್ಟು ದೊಡ್ಡಬಳ್ಳಾಪುರದ ದಾರಿ ಹಿಡಿದವರಿಗೆ ನಡುವೆ ಸಿಗುವ ಊರು ರಾಜಾನುಕುಂಟೆ. ಇದರ ದಕ್ಷಿಣಕ್ಕೆ ಯಲಹಂಕದ ರೈಲು ಗಾಲಿ ಕಾರ್ಖಾನೆ ಇದೆ. ಉತ್ತರಕ್ಕೆ ಬಾಶೆಟ್ಟಿಹಳ್ಳಿ, ದೊಡ್ಡಬಳ್ಳಾಪುರದ ಕೈಗಾರಿಕಾ ಪ್ರದೇಶ, ಅಪೆರಲ್ ಪಾರ್ಕ್. ಇನ್ನೊಂದು ದಿಕ್ಕಿಗೆ ಹೊರಳಿದರೆ ಜಾಲಹಳ್ಳಿಯ ಬಿಇಎಲ್ ಮತ್ತು ಒಂದು ಕಾಲದಲ್ಲಿ ನಾಡಿಗೆಲ್ಲ ಗಂಟೆ ಹೇಳಿದ ಎಚ್‌ಎಂಟಿ. ಇಂಥ ಊರಿನ ಒಂದೇ ಬೀದಿಯಲ್ಲಿ ನಾಲ್ಕು ಬಗೆಯ ಸಂಬಳ ಮನೆ ಸೇರುತ್ತದೆ. ರೈಲ್ವೆ ನೌಕರನ ಸಂಬಳವನ್ನು ದೆಹಲಿಯ ವೇತನ ಆಯೋಗ ನಿಗದಿ ಮಾಡುತ್ತದೆ. ಬಿಇಎಲ್ ಕಾರ್ಮಿಕನದು ಯೂನಿಯನ್ನು ಮತ್ತು ಆಡಳಿತ ವರ್ಗ ಕೂತು ಬರೆದ ಒಪ್ಪಂದದಿಂದ ಬರುತ್ತದೆ. ಗಾರ್ಮೆಂಟ್‌ಗೆ ಹೋಗುವ ಹೆಣ್ಣುಮಗಳಿಗೆ ರಾಜ್ಯ ಸರ್ಕಾರದ ಕನಿಷ್ಠ ವೇತನದ ಅಧಿಸೂಚನೆಯೇ ಗತಿ. ಗುತ್ತಿಗೆ ಕಾರ್ಮಿಕನಿಗೆ ಗುತ್ತಿಗೆದಾರ ಹೇಳಿದ್ದೇ ಲೆಕ್ಕ.

ಕಾರ್ಮಿಕರ ಸಂಬಳದ ಮಾತುಕತೆಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಲಾಭ, ಉತ್ಪಾದನೆ, ಬೆಲೆಯೇರಿಕೆಗಳಿಂದ ಶುರು ಮಾಡುತ್ತಾರೆ. ಬೆಂಗಳೂರಿನ ಮಟ್ಟಿಗೆ ಮಾತುಕತೆಯ ಮೇಜಿನ ಮೇಲೆ ಎಲ್ಲಕ್ಕಿಂತ ದೊಡ್ಡ ಸದ್ದು ಮಾಡಿದ್ದು ಇನ್ನೊಂದು ಕಾಗದ: ಪಕ್ಕದ ಕಾರ್ಖಾನೆಯವನ ಸಂಬಳದ ಚೀಟಿ. ಅವನೂ ಲೇಥ್ ತಿರುಗಿಸುತ್ತಾನೆ, ನಾನೂ ತಿರುಗಿಸುತ್ತೇನೆ. ಅವನಿಗೆ ಇಷ್ಟು, ನನಗೇಕೆ ಅಷ್ಟು? ಈ ಒಂದು ಪ್ರಶ್ನೆ ನಗರದ ಅತಿ ದೊಡ್ಡ ಮುಷ್ಕರಕ್ಕೆ ಕಾರಣವಾಯಿತು. ಮುಷ್ಕರ ಸೋತ ಮೇಲೂ ಪ್ರಶ್ನೆ ಸಾಯಲಿಲ್ಲ.

ಮೊದಮೊದಲು ಹೋಲಿಸಿಕೊಳ್ಳಲು ಪಕ್ಕದ ಕಾರ್ಖಾನೆಗಳೇ ಹೆಚ್ಚಿರಲಿಲ್ಲ. 1884ರಲ್ಲಿ ಹುಟ್ಟಿ ಆಮೇಲೆ ಬಿನ್ನಿ ಕಂಪನಿಯ ಕೈ ಸೇರಿದ ಬೆಂಗಳೂರು ಉಣ್ಣೆ, ಹತ್ತಿ ಮತ್ತು ರೇಷ್ಮೆ ಗಿರಣಿ, ಮಹಾರಾಜ ಮಿಲ್ಲು, ಮಿನರ್ವ ಮಿಲ್ಲು. ದೂರದಲ್ಲಿ ಕೋಲಾರದ ಚಿನ್ನದ ಗಣಿ. ಬ್ರಿಟಿಷ್ ಇಂಡಿಯಾದಲ್ಲಿ 1926ರಲ್ಲೇ ಟ್ರೇಡ್ ಯೂನಿಯನ್ ಕಾಯ್ದೆ ಬಂದರೂ ಮೈಸೂರು ಸಂಸ್ಥಾನಕ್ಕೆ ಅದು ಅನ್ವಯಿಸುತ್ತಿರಲಿಲ್ಲ. ಅದೇ ವರ್ಷ ಬಿನ್ನಿ ಮಿಲ್ಲಿನ ಮುಷ್ಕರದಲ್ಲಿ ಪೊಲೀಸರು ಗುಂಡು ಹಾರಿಸಿದ್ದರು. 1930ರಲ್ಲಿ ಕೋಲಾರದ ಗಣಿ ಕಾರ್ಮಿಕರು, ತಮ್ಮ ಬೆರಳಚ್ಚು ತೆಗೆದು ನೋಂದಾಯಿಸುವ ಕ್ರಮವನ್ನು ವಿರೋಧಿಸಿ, ಹಿಂದೆ ಯಾವ ಯೂನಿಯನ್ನೂ ಇಲ್ಲದೆ ಕೆಲಸ ನಿಲ್ಲಿಸಿದರು. ಮಾತಾಡಲು ಯಾರನ್ನು ಕರೆಯಬೇಕೆಂದೇ ಆಡಳಿತಕ್ಕೆ ಗೊತ್ತಾಗದ ಪರಿಸ್ಥಿತಿ ಅದು.

ಕೊನೆಗೆ ಎರಡನೇ ಮಹಾಯುದ್ಧದ ಒತ್ತಡ ಸಂಸ್ಥಾನವನ್ನು ಬಗ್ಗಿಸಿತು. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಪಾಲುದಾರಿಕೆಯಲ್ಲಿ ವಿಮಾನ ಕಾರ್ಖಾನೆ ತೆರೆದಿದ್ದರು. ಗಿರಣಿ, ಗಣಿಗಳಲ್ಲಿ ಯುದ್ಧಕಾಲದ ಬೆಲೆಯೇರಿಕೆಯ ಬಿಸಿ ಏರುತ್ತಿತ್ತು. 1942ರ ಮೈಸೂರು ಕಾರ್ಮಿಕ ಕಾಯ್ದೆಯು ಕಾರ್ಮಿಕರ ‘ಅಸೋಸಿಯೇಷನ್’ಗಳಿಗೆ ಕಾನೂನಿನ ಮನ್ನಣೆ ಕೊಟ್ಟಿತು, ವ್ಯಾಜ್ಯ ಬಂದರೆ ಸಂಧಾನ, ಪಂಚಾಯಿತಿ ಎಂಬ ದಾರಿ ತೋರಿಸಿತು. ದಿವಾನರ ಸರ್ಕಾರಕ್ಕೆ ಸಂಘಟನೆಯ ಮೇಲೆ ಪ್ರೀತಿ ಉಕ್ಕಿ ಬಂದದ್ದೇನೂ ಇಲ್ಲ. ಎದುರಿಗೆ ಕೂತು ಸಹಿ ಹಾಕುವ ಒಬ್ಬ ಮನುಷ್ಯ ಬೇಕಿತ್ತು, ಅಷ್ಟೆ.

ಸ್ವಾತಂತ್ರ್ಯ ಬಂದ ವರ್ಷವೇ ಕೈಗಾರಿಕಾ ವಿವಾದ ಕಾಯ್ದೆ ಬಂತು. ಮುಂದಿನ ಎಪ್ಪತ್ತೆಂಟು ವರ್ಷ ನಾಡಿನ ಕಾರ್ಖಾನೆಗಳ ಒಪ್ಪಂದಗಳೆಲ್ಲ ಇದರ ನೆರಳಿನಲ್ಲೇ ಆದವು. ಯೂನಿಯನ್ ಆಫೀಸಿನಲ್ಲಿ ಹಳಬರೊಂದಿಗೆ ಕೂತರೆ ಕಾಯ್ದೆಯ ಹೆಸರಿಗಿಂತ ಸೆಕ್ಷನ್‌ಗಳ ಸಂಖ್ಯೆಯೇ ಹೆಚ್ಚು ಕಿವಿಗೆ ಬೀಳುತ್ತದೆ: ‘ಟ್ವೆಲ್ವ್ ತ್ರೀ ಮಾಡ್ಕೊಂಡ್ವಿ’, ‘ಬರೀ ಏಯ್ಟೀನ್ ಒನ್ ಆಯ್ತು’. ಆಡಳಿತ ವರ್ಗ ಮತ್ತು ಯೂನಿಯನ್ನು ತಾವೇ ಕೂತು ಮಾಡಿಕೊಂಡ ಒಪ್ಪಂದ 18(1). ಸಹಿ ಹಾಕಿದವರಿಗಷ್ಟೇ ಅದು ಅನ್ವಯ. ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಯ ಮುಂದೆ ಆದದ್ದು 12(3); ಅದು ಆ ಕಾರ್ಖಾನೆಯ ಎಲ್ಲರಿಗೂ, ಎದುರು ಪಕ್ಷದ ಯೂನಿಯನ್ನಿನವರಿಗೂ, ನಾಳೆ ಕೆಲಸಕ್ಕೆ ಸೇರುವವರಿಗೂ ಅನ್ವಯ. ಒಂದೇ ಕಾರ್ಖಾನೆಯಲ್ಲಿ ಎರಡು ಮೂರು ಯೂನಿಯನ್ನುಗಳಿದ್ದಾಗ ಈ ವ್ಯತ್ಯಾಸ ಜೀವಾಳವಾಗುತ್ತಿತ್ತು. ಒಳಗೆ ಎಲ್ಲ ಒಪ್ಪಿಗೆಯಾದ ಮೇಲೂ, ಒಪ್ಪಂದ ಎಲ್ಲರಿಗೂ ಅನ್ವಯಿಸಲಿ ಎಂಬ ಒಂದೇ ಕಾರಣಕ್ಕೆ ಎರಡೂ ಕಡೆಯವರು ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಹೋಗಿ ಅಧಿಕಾರಿಯ ಮುಂದೆ ಸಹಿ ಹಾಕುವುದು ರೂಢಿಯಾಯಿತು.

ಅಂಥ ಒಂದು ಒಪ್ಪಂದವನ್ನು ಬಿಡಿಸಿ ನೋಡಿದರೆ ಮೊದಲ ಪುಟದಲ್ಲಿ ಎರಡೂ ಪಕ್ಷದ ಪ್ರತಿನಿಧಿಗಳ ಹೆಸರು. ಆಮೇಲೆ ‘ಪ್ರಕರಣದ ಸಂಕ್ಷಿಪ್ತ ವಿವರ’: ಬೇಡಿಕೆ ಪಟ್ಟಿ ಕೊಟ್ಟದ್ದು ಯಾವಾಗ, ಎಷ್ಟು ಸುತ್ತು ಮಾತಾಯಿತು. ನಂತರ ಷರತ್ತುಗಳು. ಮೂಲ ವೇತನ, ತುಟ್ಟಿಭತ್ಯೆ, ಮನೆ ಬಾಡಿಗೆ, ರಾತ್ರಿ ಪಾಳಿಯ ಭತ್ಯೆ, ಕ್ಯಾಂಟೀನ್ ಊಟದ ದರ, ಬಟ್ಟೆ ಒಗೆಯುವ ಭತ್ಯೆ, ಶೂಗಳು, ಕೆಲವು ವಿಭಾಗಗಳಿಗೆ ಹಾಲು. ಇವೆಲ್ಲ ಕಾರ್ಮಿಕರ ಕಡೆಯ ಗೆಲುವುಗಳು. ಕೊನೆಗೆ ಬರುವ ಸಣ್ಣ ಅಕ್ಷರದ ಭಾಗ ಆಡಳಿತದ್ದು: ಇಷ್ಟು ಉತ್ಪಾದನೆ ಕೊಡಬೇಕು, ಹೊಸ ಯಂತ್ರ ಬಂದರೆ ತಕರಾರು ಎತ್ತಬಾರದು, ಒಪ್ಪಂದದ ಅವಧಿ ಮುಗಿಯುವ ತನಕ ಹಣದ ಹೊರೆ ತರುವ ಹೊಸ ಬೇಡಿಕೆ ಇಡಬಾರದು. ಅವಧಿ ಖಾಸಗಿ ಕಾರ್ಖಾನೆಗಳಲ್ಲಿ ಸಾಮಾನ್ಯವಾಗಿ ಮೂರು ನಾಲ್ಕು ವರ್ಷ. ಅದು ಮುಗಿದರೂ ಒಪ್ಪಂದ ತಾನಾಗಿ ಬಿದ್ದುಹೋಗುವುದಿಲ್ಲ. ಯಾರಾದರೊಬ್ಬರು ಬರವಣಿಗೆಯಲ್ಲಿ ನೋಟಿಸು ಕೊಟ್ಟು ಎರಡು ತಿಂಗಳು ಆಗುವ ತನಕ ಹಳೆಯದೇ ನಡೆಯುತ್ತದೆ ಎಂದು 1947ರ ಕಾಯ್ದೆ ಹೇಳಿತ್ತು. ಹಾಗಾಗಿ ಬೇಡಿಕೆ ಪಟ್ಟಿಯ ಮೊದಲು ಹೋಗುತ್ತಿದ್ದುದು ಆ ನೋಟಿಸು.

ಇಷ್ಟೆಲ್ಲ ಇದ್ದರೂ ಆ ಕಾಯ್ದೆಯಲ್ಲಿ ಒಂದು ದೊಡ್ಡ ಕಂದಕ ಇತ್ತು. ಯೂನಿಯನ್ನನ್ನು ಮಾಲೀಕ ಗುರುತಿಸಲೇಬೇಕು, ಅದರೊಡನೆ ಮಾತಾಡಲೇಬೇಕು ಎಂದು ಅದು ಎಲ್ಲೂ ಹೇಳಿರಲಿಲ್ಲ. ಅಮೆರಿಕದಲ್ಲಿ 1935ರ ವ್ಯಾಗ್ನರ್ ಕಾಯ್ದೆ ಆ ಕೆಲಸ ಮಾಡಿತ್ತು. ಮಹಾರಾಷ್ಟ್ರ 1971ರಲ್ಲಿ ತನ್ನದೇ ಕಾನೂನು ಮಾಡಿಕೊಂಡಿತು. ಕರ್ನಾಟಕದಲ್ಲಿ ಇದ್ದುದು 1958ರ ‘ಶಿಸ್ತು ಸಂಹಿತೆ’. ಅದು ಎಲ್ಲರೂ ಒಪ್ಪಿದ, ಆದರೆ ಕೋರ್ಟಿಗೆ ಒಯ್ಯಲಾಗದ ಸಜ್ಜನರ ಮಾತು. ಪ್ರಾಮಾಣಿಕವಾಗಿ ಮಾತುಕತೆಗೆ ಕೂರಲು ನಿರಾಕರಿಸುವುದು ತಪ್ಪು ಎಂದು ಕೇಂದ್ರದ ಕಾಯ್ದೆಯಲ್ಲಿ ಬರೆದದ್ದು 1982ರ ತಿದ್ದುಪಡಿಯಲ್ಲಿ. ಜಾರಿಗೆ ಬಂದದ್ದು 1984ರ ಆಗಸ್ಟಿನಲ್ಲಿ. ಆ ತಿದ್ದುಪಡಿ ಬರುವ ಹೊತ್ತಿಗೆ ಬೆಂಗಳೂರು ಒಂದು ದೊಡ್ಡ ಬೆಂಕಿ ದಾಟಿ ಬಂದಿತ್ತು.

ಆ ಬೆಂಕಿಯ ಕಥೆ ಸಾರ್ವಜನಿಕ ವಲಯದ ಬೆಂಗಳೂರಿನದು. ವಿಮಾನ ಕಾರ್ಖಾನೆಯ ಹಿಂದೆಯೇ 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್, 1964ರಲ್ಲಿ ಬಿಇಎಂಎಲ್ ಬಂದವು. ಕಾರ್ಖಾನೆಯ ಜೊತೆಗೆ ಕ್ವಾರ್ಟರ್ಸ್, ಶಾಲೆ, ಆಸ್ಪತ್ರೆ, ಸಬ್ಸಿಡಿ ಕ್ಯಾಂಟೀನು, ಬಸ್ಸು, ಕನ್ನಡ ಸಂಘ, ನಾಟಕ, ನವೆಂಬರಿನ ರಾಜ್ಯೋತ್ಸವ. ಹೆಣ್ಣು ಕೊಡುವವರು ‘ಹುಡುಗ ಎಚ್‌ಎಂಟೀಲಿದಾನೆ’ ಎಂದರೆ ಮುಂದೆ ಪ್ರಶ್ನೆ ಕೇಳುತ್ತಿರಲಿಲ್ಲ. ಮತ್ತೀಕೆರೆ, ಯಶವಂತಪುರ, ಜಾಲಹಳ್ಳಿಗಳ ಮನೆಗಳಲ್ಲಿ ಅಣ್ಣ ಒಂದು ಫ್ಯಾಕ್ಟರಿ, ತಮ್ಮ ಇನ್ನೊಂದು, ಭಾವ ಮತ್ತೊಂದು. ಎಲ್ಲಿ ಎಷ್ಟು ಇನ್‌ಕ್ರಿಮೆಂಟು, ಎಷ್ಟು ಬೋನಸ್ಸು ಎಂಬುದು ಭಾನುವಾರದ ಊಟದ ಹೊತ್ತಿಗೆ ಎಲ್ಲರಿಗೂ ಗೊತ್ತಾಗುತ್ತಿತ್ತು. ಸರ್ಕಾರವು ಐದು ಕಾರ್ಖಾನೆಗಳನ್ನು ಒಂದೇ ನಗರದಲ್ಲಿ ಕಟ್ಟುವಾಗ ಸಂಬಳದ ಗುಟ್ಟು ಇನ್ನು ಉಳಿಯುವುದಿಲ್ಲ ಎಂದು ಯೋಚಿಸಿದ್ದಂತೆ ಕಾಣುವುದಿಲ್ಲ.

ಗುಟ್ಟು ಉಳಿಯದ ಕಾರಣ ಎಲ್ಲರಿಗೂ ಒಂದೇ ಅಳತೆ ಇಡಲು ದೆಹಲಿ ನೋಡುತ್ತಿತ್ತು. ಅಲ್ಲಿನ ಬ್ಯೂರೋ ಆಫ್ ಪಬ್ಲಿಕ್ ಎಂಟರ್‌ಪ್ರೈಸಸ್, ಯೂನಿಯನ್ ಬಾಯಲ್ಲಿ ‘ಬಿಪಿಇ’, ಕಂಪನಿಗಳಿಗೆ ಮಾರ್ಗಸೂಚಿ ಕಳಿಸುತ್ತಿತ್ತು. ಮೇಜಿನ ಆಚೆ ಕೂತ ಜನರಲ್ ಮ್ಯಾನೇಜರ್ ಎಷ್ಟೇ ಧಾರಾಳಿಯಾದರೂ ಆ ಗೆರೆ ದಾಟುವಂತಿರಲಿಲ್ಲ. ತುಟ್ಟಿಭತ್ಯೆಯನ್ನೇ ನೋಡಿ. ಬೆಲೆ ಸೂಚ್ಯಂಕ ಒಂದು ಅಂಶ ಏರಿದರೆ 1 ರೂಪಾಯಿ 30 ಪೈಸೆ. ಸೂಚ್ಯಂಕ ಇಪ್ಪತ್ತು ಅಂಶ ಏರಿತೆನ್ನಿ. ಹೆಲ್ಪರ್‌ಗೂ ನುರಿತ ಟೂಲ್‌ಮೇಕರ್‌ಗೂ ತಿಂಗಳಿಗೆ ಅದೇ 26 ರೂಪಾಯಿ. ಅಂಗಡಿಯಲ್ಲಿ ಬೇಳೆಯ ಬೆಲೆ ಎಷ್ಟೇ ಹಾರಿದರೂ ಮಾತುಕತೆ ಈ ಪೈಸೆಗಳ ಸುತ್ತ ಗಿರಕಿ ಹೊಡೆಯುತ್ತಿತ್ತು.

1978ರ ಸುತ್ತಿನ ಒಪ್ಪಂದಗಳು ಈ ಚೌಕಟ್ಟಿನಲ್ಲೇ ಆದವು. ಆಗ ಕಾರ್ಮಿಕರ ಕಣ್ಣು ಬಿದ್ದದ್ದು ಕೇಂದ್ರ ಸರ್ಕಾರದ್ದೇ ಆದ ಬಿಎಚ್‌ಇಎಲ್ ಮೇಲೆ. ಆ ಕಂಪನಿಯಲ್ಲಿ ದೇಶದ ಎಲ್ಲ ಘಟಕಗಳಿಗೂ ಸೇರಿ ಒಂದು ಜಂಟಿ ಸಮಿತಿ ಮಾತುಕತೆ ನಡೆಸುತ್ತಿತ್ತು. ಅಲ್ಲಿ ಸಿಕ್ಕ ಸಂಬಳ ಬೆಂಗಳೂರಿನ ಐದು ಕಂಪನಿಗಳಿಗಿಂತ ಮೇಲಿತ್ತು. ಬಿಎಚ್‌ಇಎಲ್ ದೂರದ ಹರಿದ್ವಾರದಲ್ಲೋ ತಿರುಚಿಯಲ್ಲೋ ಮಾತ್ರ ಇದ್ದಿದ್ದರೆ ಹೊಟ್ಟೆಕಿಚ್ಚು ಅಷ್ಟಾಗಿ ಕಾಡುತ್ತಿರಲಿಲ್ಲವೇನೋ. ಅದರದೊಂದು ಕಾರ್ಖಾನೆ ಮೈಸೂರು ರಸ್ತೆಯಲ್ಲೇ ಇತ್ತು. ಮತ್ತೊಂದು, ಯಶವಂತಪುರದ ದಾರಿಯಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನ ಎದುರಿಗಿರುವ ಪಿಂಗಾಣಿ ಕಾರ್ಖಾನೆ. ಮೈಸೂರು ಸರ್ಕಾರದ ಕಾಲದ ಆ ಹಳೆಯ ಕಾರ್ಖಾನೆ 1970ರ ದಶಕದಲ್ಲಿ ಬಿಎಚ್‌ಇಎಲ್ ತೆಕ್ಕೆಗೆ ಬಂದಿತ್ತು. ನಿನ್ನೆ ಮೊನ್ನೆಯವರೆಗೆ ನಮ್ಮ ಹಾಗೇ ಇದ್ದ ಪಕ್ಕದ ಮನೆಯವನು ಕಂಪನಿ ಬದಲಾದದ್ದರಿಂದ ನಮಗಿಂತ ಮೇಲೆ ಹೋದ ಎಂಬುದು ಜಾಲಹಳ್ಳಿಯವರ ಕಣ್ಣೆದುರಿನ ಸಂಗತಿ. ಸಮಾನತೆಯ ಭರವಸೆ 1978ರ ಒಪ್ಪಂದದ ಹೊತ್ತಿಗೇ ಸಿಕ್ಕಿತ್ತು ಎಂಬುದು ಯೂನಿಯನ್ನುಗಳ ವಾದ. ದೆಹಲಿ ಅದನ್ನು ಒಪ್ಪಲಿಲ್ಲ.

ಐದು ಕಂಪನಿಗಳ ಯೂನಿಯನ್ನುಗಳು ಜಂಟಿ ಕ್ರಿಯಾ ರಂಗ ಕಟ್ಟಿಕೊಂಡವು. ಕೆಂಪು, ಹಸಿರು, ಕೇಸರಿ ಎಲ್ಲ ಬಣ್ಣದ ಬಾವುಟದವರೂ ಒಂದಾದದ್ದು ಸಣ್ಣ ಮಾತಲ್ಲ. ಐಟಿಐ ಯೂನಿಯನ್ನಿನ ಮೈಕೆಲ್ ಫರ್ನಾಂಡಿಸ್ ಆ ಕಾಲದ ಪ್ರಮುಖ ಮುಖಗಳಲ್ಲೊಬ್ಬರು. ಜಾರ್ಜ್ ಫರ್ನಾಂಡಿಸರ ತಮ್ಮ, ತುರ್ತುಪರಿಸ್ಥಿತಿಯಲ್ಲಿ ಸೆರೆಮನೆ ಕಂಡವರು. 1980ರ ಡಿಸೆಂಬರ್ 26ರಂದು ಮುಷ್ಕರ ಶುರುವಾಯಿತು. ಬೆಂಗಳೂರಿನಲ್ಲೂ ಹೊರ ರಾಜ್ಯಗಳ ಘಟಕಗಳಲ್ಲೂ ಸೇರಿ ಒಂದು ಲಕ್ಷಕ್ಕೂ ಹೆಚ್ಚು ಜನ ಕೆಲಸ ಬಿಟ್ಟು ಹೊರಗೆ ನಿಂತರು.

ಎದುರಿಗಿದ್ದವರು ಕಂಪನಿಯ ಮುಖ್ಯಸ್ಥರು ಎನ್ನುವುದು ಬರೀ ಹೆಸರಿಗೆ. ನಿಜವಾದ ಮಾಲೀಕರು ದೆಹಲಿಯ ಇಂದಿರಾ ಗಾಂಧಿ ಸರ್ಕಾರ. ಇಲ್ಲಿ ಕಾನೂನು ಸುವ್ಯವಸ್ಥೆ ಮುಖ್ಯಮಂತ್ರಿ ಆರ್. ಗುಂಡೂರಾಯರದು. ಒಬ್ಬರಿಗೆ ಕೊಟ್ಟರೆ ದೇಶದ ಎಲ್ಲ ಸಾರ್ವಜನಿಕ ಉದ್ದಿಮೆಗಳೂ ಸಾಲಾಗಿ ಕೈ ಚಾಚುತ್ತವೆ ಎಂಬ ಭಯ ಕೇಂದ್ರಕ್ಕಿತ್ತು. ಆ ಭಯ ಸುಳ್ಳೂ ಆಗಿರಲಿಲ್ಲ. ಬೇರೆ ಕಾರ್ಖಾನೆಯ ಸಂಬಳ ತೋರಿಸಿ ಕೇಳುವ ವಾದಕ್ಕೆ ಕೊನೆಯೇ ಇಲ್ಲ. ಒಬ್ಬನಿಗೆ ಸಮ ಮಾಡಿದರೆ ಇನ್ನೊಬ್ಬನಿಗೆ ಅದೇ ಹೊಸ ಅಳತೆಗೋಲು. ಆದರೆ ಒಂದೇ ಮಾಲೀಕ, ಒಂದೇ ನಗರ, ಒಂದೇ ಕೆಲಸ ಎಂದಮೇಲೆ ಬೇರೆ ಬೇರೆ ಸಂಬಳ ಏಕೆಂಬುದಕ್ಕೆ ದೆಹಲಿ ಒಂದು ನೇರ ಉತ್ತರ ಕೊಡಬಹುದಿತ್ತು. ‘ಮಾರ್ಗಸೂಚಿಯಲ್ಲಿ ಅವಕಾಶವಿಲ್ಲ’ ಎಂಬುದು ಉತ್ತರವಾಗುವುದಿಲ್ಲ. ಮಾರ್ಗಸೂಚಿ ಬರೆದವರೂ ಅವರೇ.

ಜನವರಿಯ ಸಂಬಳ ಬರಲಿಲ್ಲ, ಫೆಬ್ರವರಿಯದೂ ಬರಲಿಲ್ಲ. ಸಂಕ್ರಾಂತಿ ಹೋಯಿತು, ಶಿವರಾತ್ರಿ ಹೋಯಿತು. ಕ್ರೆಡಿಟ್ ಸೊಸೈಟಿಯ ಕಂತು, ಮಕ್ಕಳ ಫೀಸು, ದಿನಸಿ ಅಂಗಡಿಯ ಲೆಕ್ಕದ ಪುಸ್ತಕ ಒಂದೂ ನಿಲ್ಲುವಂಥದ್ದಲ್ಲ. ರಾಜಾನುಕುಂಟೆ, ಹೆಸರಘಟ್ಟದ ಕಡೆಯಂಥ ಹಳ್ಳಿಗಳಲ್ಲಿ ಹೊಲ ಉಳಿಸಿಕೊಂಡಿದ್ದವರಿಗೆ ಮನೆಯ ರಾಗಿಯಾದರೂ ಇತ್ತು. ತಿಂಗಳ ಸಂಬಳವನ್ನೇ ನಂಬಿ ಪಟ್ಟಣದಲ್ಲಿ ಬಾಡಿಗೆ ಮನೆ ಮಾಡಿದವರಿಗೆ ಅದೂ ಇರಲಿಲ್ಲ. ಯುಗಾದಿಗೆ ಇನ್ನು ಮೂರು ವಾರ ಚಿಲ್ಲರೆ ಇರುವಾಗ, 1981ರ ಮಾರ್ಚ್ 12ರ ಹೊತ್ತಿಗೆ, 77 ದಿನಗಳ ಮುಷ್ಕರ ಮುಗಿಯಿತು. ಬಿಎಚ್‌ಇಎಲ್ ಸಮಾನತೆ ಸಿಗಲಿಲ್ಲ.

ಸೋಲಿನ ಬಿಲ್ಲು ಬೇಗ ಬಂತು. ಅದೇ ಜುಲೈಯಲ್ಲಿ ಅಗತ್ಯ ಸೇವೆಗಳ ಸುಗ್ರೀವಾಜ್ಞೆ, ಸೆಪ್ಟೆಂಬರಿನಲ್ಲಿ ಅದರ ಕಾಯ್ದೆ, ಅಂದರೆ ಇಂದಿಗೂ ಸಾರಿಗೆ ನೌಕರರ ಮುಷ್ಕರ ಬಂದಾಗಲೆಲ್ಲ ಪತ್ರಿಕೆಗಳಲ್ಲಿ ಕಾಣುವ ‘ಎಸ್ಮಾ’ ಎಂಬ ಹೆಸರು. ಅದನ್ನು ವಿರೋಧಿಸಿ 1982ರ ಜನವರಿ 19ರಂದು ದೇಶದಾದ್ಯಂತ ಮುಷ್ಕರ ನಡೆಯಿತು. ಹಿಂದಿನ ದಿನವಷ್ಟೇ ಮುಂಬಯಿಯ ಗಿರಣಿ ಕಾರ್ಮಿಕರು ದತ್ತಾ ಸಾಮಂತರ ಹಿಂದೆ ಹೊರನಡೆದಿದ್ದರು. 1983ರ ಜನವರಿಯ ಚುನಾವಣೆಯಲ್ಲಿ ಕರ್ನಾಟಕದಲ್ಲಿ ಮೊದಲ ಸಲ ಕಾಂಗ್ರೆಸ್ ಅಧಿಕಾರ ಕಳೆದುಕೊಂಡಿತು. ಗೋಕಾಕ್ ಚಳವಳಿ, ರೈತ ಚಳವಳಿಗಳ ಜೊತೆಗೆ ಕಾರ್ಖಾನೆಯ ಕಾಲೊನಿಗಳಲ್ಲಿ ಮಡುಗಟ್ಟಿದ ಸಿಟ್ಟಿಗೂ ಇದರಲ್ಲಿ ಪಾಲಿದೆ ಎನ್ನಲು ಅಡ್ಡಿಯಿಲ್ಲ. ಮುಂದಿನ ಸುತ್ತಿನಲ್ಲಿ ತುಟ್ಟಿಭತ್ಯೆಯ ದರ 1.30ರಿಂದ 1.65 ರೂಪಾಯಿಗೆ ಏರಿತು. ಮುಷ್ಕರದಲ್ಲಿ ಸಿಗದ್ದು, ಎರಡು ವರ್ಷ ತಡವಾಗಿ, ಬೇರೆ ಹೆಸರಿನಲ್ಲಿ, ಚೂರು ಚೂರಾಗಿ ಬಂತು.

ಮುಷ್ಕರಕ್ಕೆ ಮೂರು ವರ್ಷ ಮೊದಲು ಬೆಂಗಳೂರಿನ ಇನ್ನೊಂದು ವ್ಯಾಜ್ಯ ಯಾವ ಗದ್ದಲವೂ ಇಲ್ಲದೆ ಇಡೀ ದೇಶದ ಕಾನೂನು ಬದಲಿಸಿತ್ತು. ಜಲಮಂಡಳಿಯ ನೌಕರ ಎ. ರಾಜಪ್ಪ ಮತ್ತು ಜೊತೆಗಾರರಿಗೆ ಮಂಡಳಿ ದಂಡ ಹಾಕಿತ್ತು. ಅವರು ಕಾರ್ಮಿಕ ನ್ಯಾಯಾಲಯಕ್ಕೆ ಹೋದರು. ನಾವು ನೀರು ಕೊಡುವ ಸರ್ಕಾರಿ ಮಂಡಳಿ, ‘ಕೈಗಾರಿಕೆ’ ಅಲ್ಲ ಎಂದು ಮಂಡಳಿ ವಾದಿಸಿತು. 1978ರ ಫೆಬ್ರವರಿ 21ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು; ಮುಖ್ಯ ತೀರ್ಪು ಬರೆದವರು ವಿ.ಆರ್. ಕೃಷ್ಣಯ್ಯರ್. ಮಾಲೀಕರೂ ನೌಕರರೂ ಸೇರಿ, ವ್ಯವಸ್ಥಿತವಾಗಿ, ಜನರಿಗೆ ಬೇಕಾದ ಸರಕನ್ನೋ ಸೇವೆಯನ್ನೋ ಒದಗಿಸುವ ಕಡೆಯೆಲ್ಲ ಕೈಗಾರಿಕೆಯೇ ಎಂದಿತು ಅದು. ಲಾಭ ಇರಲಿ, ಬಿಡಲಿ. ಆಸ್ಪತ್ರೆ, ಕ್ಲಬ್ಬು, ವಿಶ್ವವಿದ್ಯಾಲಯಗಳೂ ಆ ವ್ಯಾಖ್ಯೆಯೊಳಗೆ ಬಂದವು. ಕಾರ್ಖಾನೆಗಿಂತ ಕಾಲೇಜು ಕಟ್ಟಡಗಳೇ ಎದ್ದು ಕಾಣುವ ಇಂದಿನ ರಾಜಾನುಕುಂಟೆಯ ಸುತ್ತಮುತ್ತ ಈ ತೀರ್ಪಿನ ಅರ್ಥ ಯೋಚಿಸುವಂಥದ್ದು.

ಯಲಹಂಕದ ಗಾಲಿ ಮತ್ತು ಅಚ್ಚು ಕಾರ್ಖಾನೆಯನ್ನು ಇಂದಿರಾ ಗಾಂಧಿ ದೇಶಕ್ಕೆ ಸಮರ್ಪಿಸಿದ್ದು 1984ರ ಸೆಪ್ಟೆಂಬರ್ 15ರಂದು. ಈಗ ಅದರ ಹೆಸರು ರೈಲ್ ವೀಲ್ ಫ್ಯಾಕ್ಟರಿ. ಇಲ್ಲಿ ಮಾತುಕತೆಯ ರೀತಿಯೇ ಬೇರೆ. ರೈಲ್ವೆಯಲ್ಲಿ 1952ರಿಂದ ‘ಪಿಎನ್‌ಎಂ’ ಎಂಬ ಶಾಶ್ವತ ಸಂಧಾನ ವ್ಯವಸ್ಥೆ ಇದೆ. ಮನ್ನಣೆ ಪಡೆದ ಯೂನಿಯನ್ನಿನ ಪದಾಧಿಕಾರಿಗಳು ಅಧಿಕಾರಿಗಳ ಎದುರು ನಿಗದಿತ ಕಾಲಕ್ಕೊಮ್ಮೆ ಕೂರುತ್ತಾರೆ. ಕ್ವಾರ್ಟರ್ಸಿನ ಸೋರುವ ಸೂರು, ಕ್ಯಾಂಟೀನು, ಬಡ್ತಿಯ ಪಟ್ಟಿ, ಸುರಕ್ಷತಾ ಬೂಟು ಮುಂತಾದವು ಅಲ್ಲಿ ಚರ್ಚೆಗೆ ಬರುತ್ತವೆ. 1966ರಲ್ಲಿ ಬಂದ ಜಂಟಿ ಸಲಹಾ ವ್ಯವಸ್ಥೆಯಲ್ಲಿ ಸಂಬಳ, ವಾರದ ಕೆಲಸದ ಗಂಟೆ, ರಜೆ ಈ ಮೂರಕ್ಕೆ ಮಾತ್ರ ಕಡ್ಡಾಯ ಪಂಚಾಯಿತಿಗೆ ಅವಕಾಶ. ಮೂಲ ವೇತನ ಮಾತ್ರ ವೇತನ ಆಯೋಗದ ಕೈಯಲ್ಲಿ. 1974ರ ಮೇ ತಿಂಗಳಲ್ಲಿ ಇಪ್ಪತ್ತು ದಿನ ರೈಲು ನಿಲ್ಲಿಸಿದ ದೊಡ್ಡ ಮುಷ್ಕರದ ಬೇಡಿಕೆಗಳಲ್ಲಿ ಬೋನಸ್ಸೂ ಇತ್ತು. ಅದು ಉತ್ಪಾದಕತೆಗೆ ಕಟ್ಟಿದ ಬೋನಸ್ಸಾಗಿ ದೊರೆತದ್ದು 1979ರಲ್ಲಿ, ಐದು ವರ್ಷಗಳ ಮೇಲೆ. ಈಚಿನ ವರ್ಷಗಳಲ್ಲಿ ದಸರೆ ಹತ್ತಿರ ಬಂದಂತೆ ‘78 ದಿನಗಳ ಬೋನಸ್’ ಎಂದು ಸುದ್ದಿ ಬರುವುದು ಅದೇ. ದಿನ 78 ಎಂದರೂ ತಿಂಗಳಿಗೆ 7,000 ರೂಪಾಯಿಯ ಮಿತಿಯ ಮೇಲೆ ಲೆಕ್ಕ ಹಾಕುವುದರಿಂದ ಕೈಗೆ ಬರುವುದು ಹೆಚ್ಚೆಂದರೆ 17,951 ರೂಪಾಯಿ. ಬಿಇಎಲ್‌ನವರ 77 ದಿನ, ರೈಲ್ವೆಯವರ 78 ದಿನ: ಈ ರಸ್ತೆಯ ಕಾರ್ಮಿಕ ಇತಿಹಾಸಕ್ಕೆ ಈ ಎರಡು ಅಂಕಿ ತಗುಲಿಕೊಂಡದ್ದು ಬರೀ ಕಾಕತಾಳೀಯ, ಆದರೆ ಮರೆಯುವುದು ಕಷ್ಟ.

1991ರ ಆರ್ಥಿಕ ಬದಲಾವಣೆಯ ನಂತರ ದೆಹಲಿ ಹೋಲಿಕೆಯ ಬೇರನ್ನೇ ಕಿತ್ತಿತು. ಸಂಬಳ ಹೆಚ್ಚಿಸಲು ಕಂಪನಿಗೆ ತಾಕತ್ತಿದ್ದರೆ ಕೊಡಲಿ, ಬಜೆಟ್ಟಿನಿಂದ ಹಣ ಇಲ್ಲ ಎಂಬುದು ಹೊಸ ಮಾರ್ಗಸೂಚಿಗಳ ಧಾಟಿ. 1997, 2007, 2017 ಎಂದು ಪರಿಷ್ಕರಣೆಯ ಸುತ್ತುಗಳು ಬಂದವು. ಪ್ರತಿ ಸಲವೂ ‘ಭರಿಸುವ ಶಕ್ತಿ’ ಎಂಬ ಷರತ್ತು ಜೊತೆಗೆ ಬಂತು. ಇದರ ಫಲವನ್ನು ಜಾಲಹಳ್ಳಿಯಲ್ಲಿ ಒಂದು ಸುತ್ತು ಹಾಕಿದರೆ ಕಾಣಬಹುದು. ಬಿಇಎಲ್ 2007ರಲ್ಲಿ ನವರತ್ನ ಕಂಪನಿಯಾಯಿತು. ಪ್ರತಿ ಸುತ್ತಿನ ಪರಿಷ್ಕರಣೆಯೂ ಅಲ್ಲಿಗೆ ತಲುಪಿತು. 1961ರಲ್ಲಿ ಜಪಾನಿನ ಸಿಟಿಜನ್ ನೆರವಿನಿಂದ ಕೈಗಡಿಯಾರ ಮಾಡಲು ಶುರು ಮಾಡಿದ ಎಚ್‌ಎಂಟಿಗೆ ಆ ಶಕ್ತಿ ಇರಲಿಲ್ಲ. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಮುಚ್ಚಲು ಒಪ್ಪಿತು. ಸ್ವಯಂ ನಿವೃತ್ತಿಯ ಲೆಕ್ಕಕ್ಕೆ ನೌಕರರಿಗೆ 2007ರ ವೇತನ ಶ್ರೇಣಿಯನ್ನು ‘ಕಲ್ಪಿತವಾಗಿ’ ಅನ್ವಯಿಸಲಾಯಿತು. ಕೆಲಸ ಮಾಡುವಾಗ ಕೈಗೆ ಬಾರದ ಸಂಬಳ, ಮನೆಗೆ ಹೋಗುವ ದಿನ ಕಾಗದದ ಮೇಲೆ ಬಂತು. 1980ರ ಚಳಿಗಾಲದಲ್ಲಿ ಒಂದೇ ಬೇಡಿಕೆಗೆ ಹೊರಗೆ ನಿಂತಿದ್ದ ಎರಡು ಗೇಟುಗಳ ನಡುವೆ ಹೋಲಿಸಲು ಏನೂ ಉಳಿಯಲಿಲ್ಲ.

ಹೋಲಿಕೆ ಆಗ ಗೇಟಿನ ಒಳಗೇ ನುಗ್ಗಿತು. 2019ರ ಅಕ್ಟೋಬರ್ 14ರಂದು ವಿಮಾನ ಕಾರ್ಖಾನೆ ಎಚ್‌ಎಎಲ್‌ನ ಕಾರ್ಮಿಕರು ಒಂಬತ್ತು ಕಡೆಗಳಲ್ಲಿ ಮುಷ್ಕರ ಹೂಡಿದಾಗ ಅವರು ತೋರಿಸಿದ್ದು ಪಕ್ಕದ ಕಂಪನಿಯ ಚೀಟಿ ಅಲ್ಲ, ತಮ್ಮದೇ ಅಧಿಕಾರಿಗಳದು. ಅಧಿಕಾರಿಗಳಿಗೆ ಶೇ 15ರ ಹೆಚ್ಚಳ, ಶೇ 35ರ ಭತ್ಯೆ. ಕಾರ್ಮಿಕರ ಮುಂದೆ ಆಡಳಿತ ಇಟ್ಟಿದ್ದು ಶೇ 11 ಮತ್ತು ಶೇ 22. ಕಂಪನಿ ಹೈಕೋರ್ಟಿಗೆ ಹೋಯಿತು, ತಡೆ ಸಿಕ್ಕಿತು, ಸುಮಾರು ಒಂದು ವಾರದಲ್ಲಿ ಕಾರ್ಮಿಕರು ಒಳಗೆ ಹೋದರು. ವಿಮಾನ ಕಾರ್ಖಾನೆಯ ಮಟ್ಟಿಗೆ ಪ್ರಶ್ನೆ ಹಳೆಯದೇ, ನೆರೆಯವನು ಮಾತ್ರ ಬದಲಾಗಿದ್ದ.

ದೊಡ್ಡಬಳ್ಳಾಪುರದ ಕಡೆಯ ಗಾರ್ಮೆಂಟ್ ಹೆಂಗಸರಿಗೆ ಈ ಯಾವ ಮೇಜೂ ಇಲ್ಲ. ಅವರಲ್ಲಿ ಯೂನಿಯನ್ ಸದಸ್ಯರು ತೀರ ಕಡಿಮೆ. ಕಾರ್ಖಾನೆ ಮಟ್ಟದ ವೇತನ ಒಪ್ಪಂದ ಅಪರೂಪದಲ್ಲಿ ಅಪರೂಪ. ಅವರ ಬದಲಿಗೆ ಚೌಕಾಶಿ ನಡೆಯುತ್ತಿದ್ದುದು 1948ರ ಕನಿಷ್ಠ ವೇತನ ಕಾಯ್ದೆಯಡಿ ಹೊರಡುತ್ತಿದ್ದ ಅಧಿಸೂಚನೆಗಳಲ್ಲಿ. ಅದರಲ್ಲೂ ಕಿತ್ತಾಟ. 2020ರ ಏಪ್ರಿಲ್‌ನಿಂದ ಸಿಗಬೇಕಿದ್ದ ತುಟ್ಟಿಭತ್ಯೆ ತಿಂಗಳಿಗೆ 417 ರೂಪಾಯಿ. ಕೊರೊನಾ ಕಾರಣ ಹೇಳಿ ರಾಜ್ಯ ಸರ್ಕಾರ ಅದನ್ನು ಮುಂದೂಡಿತು; ಆ ಸೆಪ್ಟೆಂಬರಿನಲ್ಲಿ ಹೈಕೋರ್ಟು ಅಡ್ಡ ನಿಂತಿತು. ಆದರೂ ಹಲವು ರಫ್ತು ಕಂಪನಿಗಳು ಕೊಡಲು ತಡ ಮಾಡಿದವು. ಕೊನೆಗೆ ಬಾಕಿ ಬರತೊಡಗಿದ್ದು ಅಮೆರಿಕ, ಯುರೋಪಿನ ಬ್ರ್ಯಾಂಡುಗಳ ಮೇಲೆ ಒತ್ತಡ ಬಿದ್ದು, ಅವು ಇಲ್ಲಿನ ತಯಾರಕರನ್ನು ಕೇಳತೊಡಗಿದ ಮೇಲೆ. 1980ರ ಮಾತುಕತೆಯ ಬೀಗದ ಕೈ ದೆಹಲಿಯಲ್ಲಿತ್ತು. ಈ 417 ರೂಪಾಯಿಯದು ಸಮುದ್ರದಾಚೆ.

ಮೇಜು ಇಲ್ಲದಿದ್ದರೆ ಬೀದಿ. 2016ರ ಏಪ್ರಿಲ್ 18, 19ರಂದು ಬೆಂಗಳೂರಿನ ಗಾರ್ಮೆಂಟ್ ಹೆಂಗಸರು ಕಾರ್ಖಾನೆ ಬಿಟ್ಟು ಹೊಸೂರು ರಸ್ತೆ, ತುಮಕೂರು ರಸ್ತೆಗಳಿಗೆ ಇಳಿದರು. ಭವಿಷ್ಯನಿಧಿಯಲ್ಲಿ ಮಾಲೀಕರ ಪಾಲನ್ನು 58 ವರ್ಷ ತುಂಬುವ ತನಕ ತೆಗೆಯುವಂತಿಲ್ಲ ಎಂಬ ಕೇಂದ್ರದ ಹೊಸ ನಿಯಮ ಕಾರಣ. ಮಗಳ ಮದುವೆಗೋ ಸೈಟಿನ ಕಂತಿಗೋ ಪಿಎಫ್ ನಂಬಿಕೊಂಡವರಿಗೆ 58 ವರ್ಷ ಎಂದರೆ ಯಾವ ಕಾಲದ ಮಾತು! ಕರೆ ಕೊಟ್ಟ ಯೂನಿಯನ್ ಯಾವುದೂ ಇರಲಿಲ್ಲ. ಪೊಲೀಸರು ಮಾತಾಡಲು ನಾಯಕರನ್ನು ಹುಡುಕಿದರೆ ನಾಯಕರೇ ಇಲ್ಲ. 1930ರ ಕೋಲಾರದ ಗಣಿಯವರ ಮುಷ್ಕರದ ಹಾಗೆಯೇ. ಲಾಠಿ, ಬೆಂಕಿ, ಕಲ್ಲು ಎಲ್ಲ ಆಯಿತು. ಎರಡನೇ ದಿನದ ಸಂಜೆಯ ಹೊತ್ತಿಗೆ ಕೇಂದ್ರ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ನಿಯಮ ಹಿಂದಕ್ಕೆ ಪಡೆದರು. ಇಡೀ ದೇಶದ ಪಿಎಫ್ ಸದಸ್ಯರಿಗೆ ಅದರ ಲಾಭ ಸಿಕ್ಕಿತು. 77 ದಿನದಲ್ಲಿ ಸಂಘಟಿತ ಗಂಡಸರಿಗೆ ಆಗದ್ದು ಎರಡು ದಿನದಲ್ಲಿ ಅಸಂಘಟಿತ ಹೆಂಗಸರಿಗೆ ಆಯಿತು ಎಂದು ಹೇಳುವ ಚಪಲ ಬರುತ್ತದೆ. ಆದರೆ ಒಂದು ಕಡೆ ಕೇಳಿದ್ದು ಹೆಚ್ಚಿನ ಸಂಬಳ, ಇನ್ನೊಂದು ಕಡೆ ತಮ್ಮದೇ ಹಣ. ರಸ್ತೆ ಖಾಲಿಯಾದ ಮೇಲೆ ಆ ಹೆಂಗಸರ ಕೈಯಲ್ಲಿ ಸಹಿ ಬಿದ್ದ ಯಾವ ಒಪ್ಪಂದವೂ ಇರಲಿಲ್ಲ ಎಂಬುದೂ ನಿಜ.

ಖಾಸಗಿ ದೊಡ್ಡ ಕಾರ್ಖಾನೆಗಳಲ್ಲಿ ಒಪ್ಪಂದದ ಪರಂಪರೆ ಉಳಿದಿದೆ, ತಿಕ್ಕಾಟದ ಜೊತೆಗೇ. ಬಿಡದಿಯ ಟೊಯೋಟಾ ಕಾರ್ಖಾನೆಯಲ್ಲಿ 2014ರ ಮಾರ್ಚಿನಲ್ಲಿ ವೇತನದ ಮಾತುಕತೆ ಮುರಿದು ಬೀಗಮುದ್ರೆಯಾಯಿತು. 2020ರ ನವೆಂಬರಿನಲ್ಲಿ ಯೂನಿಯನ್ ಪದಾಧಿಕಾರಿಯೊಬ್ಬರ ಅಮಾನತಿನಿಂದ ಶುರುವಾದ ಜಗಳ ತಿಂಗಳುಗಟ್ಟಲೆ ನಡೆಯಿತು. ಎರಡೂ ಸಲ ದೊಡ್ಡ ತಕರಾರಿನ ವಸ್ತು ‘ಸನ್ನಡತೆಯ ಮುಚ್ಚಳಿಕೆ’: ಒಳಗೆ ಬರಬೇಕಾದರೆ ಒಬ್ಬೊಬ್ಬ ಕಾರ್ಮಿಕನೂ ಬೇರೆ ಬೇರೆಯಾಗಿ ಸಹಿ ಹಾಕಿಕೊಡಬೇಕಾದ ಕಾಗದ. ಯೂನಿಯನ್ ಎಲ್ಲರ ಪರವಾಗಿ ಒಂದು ಸಹಿ ಹಾಕುತ್ತದೆ. ಮುಚ್ಚಳಿಕೆ ಎಲ್ಲರಿಂದ ಒಂದೊಂದು ಸಹಿ ಕೇಳುತ್ತದೆ. ಕಾರ್ಮಿಕರು ಆ ಕಾಗದಕ್ಕೆ ಹೆದರಿದ್ದರಲ್ಲಿ ಆಶ್ಚರ್ಯವಿಲ್ಲ.

2025ರ ನವೆಂಬರ್ 21ರಂದು ಕೇಂದ್ರ ಸರ್ಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. 1926ರ ಟ್ರೇಡ್ ಯೂನಿಯನ್ ಕಾಯ್ದೆ, 1947ರ ಕೈಗಾರಿಕಾ ವಿವಾದ ಕಾಯ್ದೆ ಎರಡೂ 2020ರ ಕೈಗಾರಿಕಾ ಸಂಬಂಧ ಸಂಹಿತೆಯೊಳಗೆ ಕರಗಿದವು. ಮುಷ್ಕರಕ್ಕೆ ಮುಂಚೆ ನೋಟಿಸು ಕೊಡುವ ಕಟ್ಟಳೆ ಹಿಂದೆ ನೀರು, ವಿದ್ಯುತ್ತು, ಸಾರಿಗೆಯಂಥ ಸೇವೆಗಳಿಗಷ್ಟೇ ಇತ್ತು. ಈಗ ಎಲ್ಲ ಉದ್ದಿಮೆಗೂ ಹದಿನಾಲ್ಕು ದಿನದ ನೋಟಿಸು. ಕಾರ್ಖಾನೆ ಮುಚ್ಚಲು, ಜನರನ್ನು ತೆಗೆಯಲು ಸರ್ಕಾರದ ಅನುಮತಿ ಬೇಕಾದದ್ದು ನೂರು ಜನರಿದ್ದ ಕಡೆ; ಈಗ ಮುನ್ನೂರು. ಯೂನಿಯನ್ನುಗಳು ಈ ಎರಡನ್ನೂ ವಿರೋಧಿಸಿ ಬೀದಿಗಿಳಿದಿವೆ. ಅದೇ ಸಂಹಿತೆ, ಸುಮಾರು ಎಂಬತ್ತು ವರ್ಷ ತೆರೆದೇ ಇದ್ದ ಕಂದಕವನ್ನು ಮುಚ್ಚಿದೆ ಕೂಡ: ಹಾಜರಿ ಪಟ್ಟಿಯಲ್ಲಿರುವ ಕಾರ್ಮಿಕರಲ್ಲಿ ಶೇ 51ರಷ್ಟು ಸದಸ್ಯರಿರುವ ಯೂನಿಯನ್ನನ್ನು ಮಾಲೀಕ ಮಾತುಕತೆಯ ಏಕೈಕ ಪ್ರತಿನಿಧಿಯಾಗಿ ಒಪ್ಪಲೇಬೇಕು. ಯಾರಿಗೂ ಅಷ್ಟಿಲ್ಲದಿದ್ದರೆ ಶೇ 20ಕ್ಕೆ ಕಡಿಮೆಯಿಲ್ಲದವರೆಲ್ಲ ಸೇರಿದ ಸಮಿತಿ ಕೂರುತ್ತದೆ.

ಇನ್ನು ಮುಂದಿನ ಜಗಳವೆಲ್ಲ ಆ ಹಾಜರಿ ಪಟ್ಟಿಯದು. ಯಲಹಂಕದಿಂದ ದೊಡ್ಡಬಳ್ಳಾಪುರದ ತನಕ ಎಷ್ಟೋ ಕಾರ್ಖಾನೆಗಳಲ್ಲಿ ಲೋಡಿಂಗ್, ಪ್ಯಾಕಿಂಗ್, ಕ್ಯಾಂಟೀನು, ಸೆಕ್ಯುರಿಟಿ, ಹೌಸ್‌ಕೀಪಿಂಗ್ ಮಾಡುವವರು ಗುತ್ತಿಗೆಯವರು. ಹಲವು ಕಡೆ ಯಂತ್ರದ ಮುಂದೆ ನಿಂತವರೂ ಟ್ರೈನಿಗಳು ಅಥವಾ ಎರಡು ವರ್ಷದ ಕರಾರಿನವರು. ಗುತ್ತಿಗೆಯವರ ಹೆಸರು ಇರುವುದು ಗುತ್ತಿಗೆದಾರನ ಪುಸ್ತಕದಲ್ಲಿ, ಕಂಪನಿಯ ಪಟ್ಟಿಯಲ್ಲಿ ಅಲ್ಲ. ಶೇ 51 ಎಂದರೆ ಯಾವ ಪಟ್ಟಿಯ ಶೇ 51, ಎಣಿಸುವವರು ಯಾರು, ಮತ ಹಾಕಿಸಿಯೋ ಚಂದಾ ರಸೀದಿ ನೋಡಿಯೋ ಎಂಬುದನ್ನು ನಿಯಮಗಳು ತೀರ್ಮಾನಿಸಬೇಕು. ಪರ್ಮನೆಂಟ್ ಕಾರ್ಮಿಕನ ಪಕ್ಕದಲ್ಲೇ, ಅದೇ ಪಾಳಿಯಲ್ಲಿ, ಅದೇ ಕೆಲಸ ಮಾಡುವ ಗುತ್ತಿಗೆಯವನಿಗೆ ಹೋಲಿಸಿಕೊಳ್ಳಲು ಈಗ ಇನ್ನೊಂದು ಕಾರ್ಖಾನೆ ಬೇಕಿಲ್ಲ. ಮೇಜಿನ ಮುಂದೆ ಕೂರಲು ಅವನಿಗೆ ಕುರ್ಚಿ ಎಲ್ಲಿದೆ ಎಂಬುದನ್ನು ಸಂಹಿತೆ ಇನ್ನೂ ಹೇಳಿಲ್ಲ.